ಬಿಳಿ ಬಣ್ಣ ಮುಟ್ಟದ ಕೈ

ಸುದ್ದಿ ಬಂದಾಗ ನೆರಳಕ್ಕ, ತೀರಿಕೊಂಡ ಶಾಲಾ ಮಾಸ್ತರರೊಬ್ಬರ ಚಿತ್ರದಲ್ಲಿ ಗಲ್ಲದ ಕೆಳಗಿನ ನೆರಳು ತುಂಬುತ್ತಿದ್ದರು. ಬೆಳಗ್ಗೆ ಆರೂಕಾಲು. ಕೆಳಗಿನ ಅಂಗಡಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವವನು ಹದಿನೇಳು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದು ಬಾಗಿಲಲ್ಲಿ ನಿಂತ.

"ನೆರಳಕ್ಕ, ಬ್ರಷ್ ಕೆಳಗಿಡಿ."

"ಯಾಕೋ? ಏನಾಯ್ತು?"

"ಮನೆಯಿಂದ ಫೋನ್ ಬಂದಿತ್ತು. ಅಣ್ಣಾವ್ರು... ಮಲಗಿದೋರು ಏಳಲೇ ಇಲ್ಲವಂತೆ."

ನೆರಳಕ್ಕ ಬ್ರಷ್ ಕೆಳಗಿಡಲಿಲ್ಲ. ಒಂದು ಕಿವಿಯಿಂದ ಹೊರಟಿದ್ದ ನೆರಳನ್ನು ಇನ್ನೊಂದು ಕಿವಿಯವರೆಗೆ ಎಳೆದು ಮುಗಿಸಿದರು. ಬ್ರಷ್ ತೊಳೆದರು. ಎಣ್ಣೆಯ ಸೀಸೆಗೆ ಮುಚ್ಚಳ ಹಾಕಿದರು. ಆಮೇಲೆ ಮೆಟ್ಟಿಲಿಳಿದು ಮನೆಯತ್ತ ನಡೆದರು. ಅಂದು ಸಂಜೆಯೊಳಗೆ ಬೀದಿಯಲ್ಲಿ ಮಾತು ಹರಡಿತ್ತು: ಒಡಹುಟ್ಟಿದವನು ಹೋದರೂ ಕೆಲಸ ಬಿಟ್ಟೇಳದ ಕಲ್ಲು ಹೆಂಗಸು.

"ಅನ್ನೋರು ಅನ್ಲಿ ಬಿಡಿ" ಎನ್ನುತ್ತಾರೆ ಅವರು. "ಗಲ್ಲದ ಕೆಳಗಿನ ನೆರಳನ್ನ ಒಂದೇ ಉಸಿರಲ್ಲಿ ಎಳೀಬೇಕು. ಅರ್ಧಕ್ಕೆ ಬಿಟ್ರೆ ಅಲ್ಲೊಂದು ಗೆರೆ ನಿಂತು, ಕತ್ತು ಕೊಯ್ದ ಹಾಗೆ ಕಾಣುತ್ತೆ. ಬಿಟ್ಟು ಎದ್ದಿದ್ರೆ ಅಣ್ಣ ಬೈತಿದ್ದ. ಬೈಯೋಕೆ ಅವನೇ ಇಲ್ಲ ಅನ್ನೋದು ಆಗ ತಲೆಗೆ ಹೋಗಿರ್ಲಿಲ್ಲ."

ಇದು ಇಪ್ಪತ್ತೊಂಬತ್ತು ದಿನಗಳ ಹಿಂದಿನ ಮಾತು. ಇಂದು ಶನಿವಾರ. ನಾಳೆ ಮನೆಯಲ್ಲಿ ಅಣ್ಣನಿಗಾಗಿ ತಿಂಗಳ ಪ್ರಾರ್ಥನೆ. ಹತ್ತಿರದವರು ನಾಲ್ಕು ಜನ ಬಂದು ಕೂರುವ ಆ ಹೊತ್ತಿಗೆ ಗೋಡೆಯ ಮೇಲೆ ಅಣ್ಣನ ಮುಖ ಇರಬೇಕು ಎಂಬುದು ಅತ್ತಿಗೆ ಇಟ್ಟಿರುವ ಒಂದೇ ಒಂದು ಬೇಡಿಕೆ. ಅದನ್ನು ಕೊಡಬಲ್ಲೆನೇ ಎಂಬುದೇ ಈ ನಾದಿನಿಯ ತಿಂಗಳಿಡೀ ಅನ್ನ ನಿದ್ದೆಗಳನ್ನು ತಿಂದ ಪ್ರಶ್ನೆ.

ಐದೂವರೆಗೆ ನೆರಳಕ್ಕ ಕೋಣೆಯ ಬೀಗ ತೆಗೆಯುತ್ತಾರೆ. ಒಳಗೆ ಟರ್ಪೆಂಟೈನ್ ಮತ್ತು ಅಗಸೆ ಎಣ್ಣೆಯ ವಾಸನೆ ಗೋಡೆಗೇ ಅಂಟಿಕೊಂಡಂತಿದೆ. ಉತ್ತರಕ್ಕೆ ಒಂದೇ ಒಂದು ದೊಡ್ಡ ಕಿಟಕಿ. ಬೆಳಕು ಮೇಲಿನಿಂದಲೇ ಬೀಳಲಿ ಎಂದು ಅದರ ಕೆಳಗಿನ ಅರ್ಧಕ್ಕೆ ಕಂದು ಕಾಗದ ಅಂಟಿಸಿದ್ದಾರೆ. ನಡುವೆ ಎರಡು ಆಸನ, ಒಂದಕ್ಕೊಂದು ಬೆನ್ನು ಹಾಕಿಕೊಂಡಿವೆ. ಪೂರ್ವದ ಗೋಡೆಗೆ ಮುಖ ಮಾಡಿರುವ ಕೈಕುರ್ಚಿ ಅಣ್ಣನದು. ಕನ್ನಡಿ ಇರುವ ಪಶ್ಚಿಮದ ಗೋಡೆಗೆ ಮುಖ ಮಾಡಿರುವ ಸಣ್ಣ ಸ್ಟೂಲು ತಂಗಿಯದು. ಅವರು ಕಣ್ಣು ಮುಚ್ಚಿ, ಕೈ ಮುಗಿದು, ತುಟಿಯಲ್ಲೇ ಏನೋ ಹೇಳಿಕೊಂಡು, ಹನ್ನೊಂದು ಬ್ರಷ್‌ಗಳನ್ನು ಉದ್ದದ ಪ್ರಕಾರ ಜೋಡಿಸುತ್ತಾರೆ. ಅಣ್ಣನ ಪ್ಯಾಲೆಟ್ ಕಡೆಗೆ ನೋಡುವುದಿಲ್ಲ. ಅದರ ಮೇಲಿನ ಬಣ್ಣಗಳು ಕೆಸರಿನಂತೆ ಒಣಗಿವೆ.

ಈ ಕೋಣೆಯಲ್ಲಿ ಮಾಡುವುದು ಅಗಲಿದವರ ಚಿತ್ರ. ಮನೆಯವರು ಫೋಟೋ ತರುತ್ತಾರೆ, ಇವರು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಆಳೆತ್ತರಕ್ಕೋ ಎದೆಮಟ್ಟಕ್ಕೋ ಬರೆದುಕೊಡುತ್ತಾರೆ. ಒಂದು ಮುಖಕ್ಕೆ ಐದಾರು ದಿನ. ವರ್ಷಕ್ಕೆ ಅರವತ್ತರ ಮೇಲೆ. ಮೂವತ್ತಾರು ವರ್ಷಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಮುಖಗಳು ಈ ಮೆಟ್ಟಿಲಿಳಿದು ಯಾರ್ಯಾರದೋ ಗೋಡೆ ಸೇರಿವೆ. ಎಲ್ಲದರ ಮೂಲೆಯಲ್ಲೂ ಅಣ್ಣನ ಹೆಸರು. ಎಲ್ಲದರ ನೆರಳೂ ತಂಗಿಯದು.

ಬರುವ ಫೋಟೋಗಳಲ್ಲಿ ಬಹುಪಾಲು ಫ್ಲಾಶ್ ಹಾಕಿ ತೆಗೆದವು. ಅವುಗಳಲ್ಲಿ ನೆರಳೇ ಇರುವುದಿಲ್ಲ. "ಮುಖಕ್ಕೆ ಇಸ್ತ್ರಿ ಹಾಕಿದ ಹಾಗಿರುತ್ತೆ" ಎಂದು ನೆರಳಕ್ಕ ನಗುತ್ತಾರೆ. "ಮೂಗು ಎಲ್ಲಿ ಮುಗೀತು, ಕೆನ್ನೆ ಎಲ್ಲಿ ಶುರುವಾಯ್ತು ಅಂತ ದೇವರೇ ಬಂದು ಹೇಳಬೇಕು. ಮುಖಕ್ಕೆ ಏಳು ನೆರಳು. ಹುಬ್ಬಿನ ಕೆಳಗೆ, ಮೂಗಿನ ಪಕ್ಕ, ಮೂಗಿನ ಕೆಳಗೆ, ಕೆನ್ನೆ, ಕೆಳತುಟಿ, ಗಲ್ಲ, ಕಿವಿಯ ಹಿಂದೆ. ಈ ಏಳನ್ನ ಕೊಟ್ರೆ ಮನುಷ್ಯ ಎದ್ದು ಕೂರ್ತಾನೆ."

ನೆರಳು ಯಾವ ಕಡೆಗೆ ಎಂಬುದನ್ನು ಅವರು ಫೋಟೋದಿಂದ ತಿಳಿಯುವುದಿಲ್ಲ, ಕೇಳಿ ತಿಳಿಯುತ್ತಾರೆ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಮೊದಲು ಕೇಳುವ ಪ್ರಶ್ನೆ ಒಂದೇ: "ಅವರು ಮನೇಲಿ ಯಾವಾಗ್ಲೂ ಕೂರೋ ಜಾಗ ಯಾವುದು? ಕಿಟಕಿ ಯಾವ ಕಡೆ ಇತ್ತು?" ಬಂದವರು ತಬ್ಬಿಬ್ಬಾಗುತ್ತಾರೆ. ಆಮೇಲೆ ನೆನಪು ಬಿಚ್ಚಿಕೊಳ್ಳುತ್ತದೆ. ಅಪ್ಪ ಬಾಗಿಲ ಬಳಿ ಪೇಪರ್ ಓದುತ್ತಿದ್ದದ್ದು, ಅಮ್ಮ ಹೊಲಿಗೆ ಯಂತ್ರವನ್ನು ಕಿಟಕಿಯ ಬಲಕ್ಕೆ ಎಳೆದುಕೊಂಡದ್ದು. ಆ ಕಿಟಕಿಯ ಬೆಳಕೇ ಚಿತ್ರದೊಳಗೂ ಬೀಳುತ್ತದೆ. ಚಿತ್ರ ಒಯ್ಯಲು ಬಂದವರು "ಅಯ್ಯೋ, ನಮ್ಮಮ್ಮ ಹೀಗೇ ಕೂರ್ತಿದ್ರು" ಎಂದು ಅಳುವುದು ಇದರಿಂದಲೇ. ಯಾಕೆ ಅಷ್ಟು ಹೋಲುತ್ತದೆ ಎಂದು ಮಾತ್ರ ಅವರಿಗೆ ತಿಳಿಯುವುದಿಲ್ಲ. ಅಣ್ಣನಿಗೆ ಕೈ ಮುಗಿದು ಹೋಗುತ್ತಾರೆ.

ಕಪ್ಪು ಬಣ್ಣದ ಟ್ಯೂಬ್ ಈ ಕೋಣೆಯಲ್ಲಿ ಇಲ್ಲವೇ ಇಲ್ಲ. "ಕಪ್ಪು ಬಳಿದ್ರೆ ಅದು ಮಸಿ ಆಗುತ್ತೆ, ನೆರಳಾಗಲ್ಲ. ಕಂದು, ನೀಲಿ, ಚೂರೇ ಚೂರು ಕೆಂಪು. ನೆರಳಿನೊಳಗೂ ರಕ್ತ ಓಡಾಡ್ತಿರ್ಬೇಕು. ಇಲ್ಲಾಂದ್ರೆ ಸತ್ತೋರನ್ನ ನಾವೇ ಇನ್ನೊಂದ್ಸಲ ಸಾಯಿಸಿದ ಹಾಗೆ."

ಇಪ್ಪತ್ತೆರಡರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡು, ಒಂದು ಪೆಟ್ಟಿಗೆ ಹಿಡಿದು ಅವರು ಅಣ್ಣನ ಮನೆಗೆ ಬಂದರು. ಅತ್ತಿಗೆ ಹಿಂಭಾಗದ ಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟರು. ಅಳುತ್ತ ಕೂತರೆ ಆಗುವುದಿಲ್ಲವೆಂದು ಅಣ್ಣ ಬ್ರಷ್ ತೊಳೆಯಲು ಕರೆದೊಯ್ದ. ಎರಡು ವರ್ಷ ಬರೀ ತೊಳೆದದ್ದೇ. ಒಮ್ಮೆ ಅಣ್ಣನಿಗೆ ಜ್ವರ ಬಂದು, ಕೊಡಬೇಕಾದ ಚಿತ್ರ ಅರ್ಧಕ್ಕೆ ನಿಂತಾಗ, ತಂಗಿ ಹೆದರುತ್ತಲೇ ಕೆಳತುಟಿಯ ಕೆಳಗೊಂದು ನೆರಳು ಇಟ್ಟರು. ಎದ್ದು ಬಂದ ಅಣ್ಣ ಚಿತ್ರದ ಮುಂದೆ ನಿಂತು ಕೇಳಿದ:

"ಇದನ್ನ ಯಾರು ಹಾಕಿದ್ದು?"

"ಬೈಬೇಡ ಅಣ್ಣ. ಒರೆಸಿಬಿಡ್ತೀನಿ."

"ಒರೆಸಿದ್ರೆ ನೋಡು ಮತ್ತೆ! ಇನ್ಮೇಲೆ ನೆರಳೆಲ್ಲಾ ನಿಂದು. ಬೆಳಕಿಗೆ ಮಾತ್ರ ಕೈ ಹಾಕ್ಬೇಡ. ಬೆಳಕು ಒಂದೇ ಕೈಯಲ್ಲಿರ್ಬೇಕು. ಇಬ್ಬರು ಬೆಳಕು ಕೊಟ್ಟ ಮುಖಕ್ಕೆ ಎರಡು ಸೂರ್ಯ ಆಗ್ತಾವೆ."

ಅಂದಿನಿಂದ ಬಿಳಿಯ ಟ್ಯೂಬ್ ಅಣ್ಣನ ಮೇಜಿನ ಖಾನೆಯಲ್ಲಿ. ಹಣೆ, ಮೂಗಿನ ಏಣು, ಕೆನ್ನೆಯ ಉಬ್ಬು, ಇವುಗಳ ಮೇಲೆ ಬೆಳಕು ಇಡುವವನು ಅವನು. ಎಲ್ಲ ಮುಗಿದ ಮೇಲೆ ಒಂದೊಂದು ಕಣ್ಣಿಗೆ ಒಂದೊಂದು ಬಿಳಿ ಚುಕ್ಕೆ ಇಡುವವನೂ ಅವನೇ. ತಂಗಿ ಆ ಟ್ಯೂಬನ್ನು ಒಮ್ಮೆಯೂ ಮುಟ್ಟಲಿಲ್ಲ. "ಮುಟ್ಟಬೇಕು ಅಂತ ಅನ್ನಿಸ್ಲೇ ಇಲ್ಲ. ಅವನು ಹೇಳಿದ್ದ, ನಾನು ಕೇಳಿದ್ದೆ, ಅಷ್ಟೇ."

ನೆರಳಕ್ಕ ಎಂಬ ಹೆಸರು ಕಟ್ಟಿನವನು ಇಟ್ಟದ್ದು. ಅವನು ಇನ್ನೊಂದು ಕತೆಯನ್ನೂ ಹೇಳುತ್ತಾನೆ. ಹದಿನೈದು ವರ್ಷಗಳ ಹಿಂದೆ ಬಂದ ಒಂದು ಫೋಟೋವನ್ನು ಎಲ್ಲಿಯೋ ಎಡಬಲ ತಿರುಗಿಸಿ ಅಚ್ಚು ಹಾಕಿದ್ದರು. ಚಿತ್ರ ಪೂರ್ತಿಯಾಯಿತು, ಕಟ್ಟೂ ಬಿತ್ತು. ಒಯ್ಯಲು ಬಂದ ಹೆಂಡತಿ, "ನನ್ನ ಯಜಮಾನರು ಬಲಗೈಗೆ ಗಡಿಯಾರ ಕಟ್ತಿರ್ಲಿಲ್ಲ" ಎಂದು ಬಿಟ್ಟೇ ಹೋದರು. ಅಂದಿನಿಂದ ಯಾವ ಗಂಡಸಿನ ಫೋಟೋ ಬಂದರೂ ನೆರಳಕ್ಕ ಮೊದಲು ನೋಡುವುದು ಅಂಗಿಯ ಗುಂಡಿಪಟ್ಟಿಯನ್ನು, ಮುಖ ಆಮೇಲೆ. ಪಟ್ಟಿ ಯಾವ ಕಡೆಯಿಂದ ಯಾವ ಕಡೆಗೆ ಮುಚ್ಚಿದೆ ಎಂದು ನೋಡಿದರೆ ಫೋಟೋ ನೇರವೋ ತಿರುಗಿದ್ದೋ ಗೊತ್ತಾಗುತ್ತದೆ. "ನೆರಳಕ್ಕನ ಕಣ್ಣಿಗೆ ಗುಂಡಿ ತಪ್ಪಿಸ್ಕೊಂಡದ್ದೇ ಇಲ್ಲ" ಎನ್ನುತ್ತಾನೆ. ಆಮೇಲೆ ದನಿ ಇಳಿಸಿ ಸೇರಿಸುತ್ತಾನೆ, "ಈ ಸಲದ್ದೊಂದು ಬಿಟ್ಟು."

ಎರಡು ಸಾವಿರ ಜನರ ಫೋಟೋ ನೋಡಿದ ಅಣ್ಣ ತನ್ನದೊಂದು ಫೋಟೋ ತೆಗೆಸಲಿಲ್ಲ. "ನನ್ನ ಮುಖಕ್ಕೆ ಯಾರೂ ಇಸ್ತ್ರಿ ಹಾಕೋದು ಬೇಡ" ಎನ್ನುತ್ತಿದ್ದ. ಇರುವುದು ಗುರುತಿನ ಚೀಟಿಯ ಮೇಲಿನ ಉಗುರಗಲದ ಒಂದು ಚಿತ್ರ. "ಅದರಲ್ಲಿ ನಿಮ್ಮಣ್ಣ ಕಳ್ಳನ ಥರ ಕಾಣ್ತಾರೆ, ಅದನ್ನ ನೋಡ್ಕೊಂಡು ಬರೀಬೇಡ" ಎಂದು ಅತ್ತಿಗೆ ಮೊದಲೇ ಹೇಳಿದ್ದರು. ನಾದಿನಿಗೂ ಅದು ಬೇಕಿರಲಿಲ್ಲ. ಮೂವತ್ತಾರು ವರ್ಷ ದಿನಕ್ಕೆ ಎಂಟು ಗಂಟೆ ಜೊತೆಗಿದ್ದವನ ಮುಖಕ್ಕೆ ಫೋಟೋ ಯಾಕೆ? ಐದನೆಯ ದಿನ ಕೋಣೆ ತೆರೆದು, ಕಣ್ಣು ಮುಚ್ಚಿ ನೆನೆದು, ಬರೆಯತೊಡಗಿದರು.

ಹತ್ತು ದಿನ ಹಿಡಿಯಿತು. ಏಳು ನೆರಳುಗಳೂ ಕೂತವು. ಬೆಳಕು ಬೀಳಬೇಕಾದ ಜಾಗವನ್ನು ಮಾತ್ರ ಅವರು ತುಂಬಲಿಲ್ಲ, ಬರಿಯ ಬಟ್ಟೆಯನ್ನೇ ಬಿಟ್ಟರು. ಕಟ್ಟಿನವನು ಮೇಲೆ ಬಂದು ನೋಡಿ, "ಬೆಳಕು ಇಡೋಕೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ಲಾ ಅಕ್ಕ?" ಎಂದು ಕೇಳಿದ. "ನಿನ್ನ ಕೆಲಸ ನೋಡ್ಕೋ ಹೋಗೋ" ಎಂಬ ಉತ್ತರ ಸಿಕ್ಕಿತು.

ಅತ್ತಿಗೆ ಬಂದರು. ಮಂಡಿನೋವಿನ ಹೆಂಗಸು, ಹದಿನೇಳು ಮೆಟ್ಟಿಲಿಗೆ ಮೂರು ಸಲ ಕೂತು ಎದ್ದು ಬಂದರು. ಕನ್ನಡಕ ಹಾಕಿಕೊಂಡು ಚಿತ್ರದ ಮುಂದೆ ನಿಂತರು.

"ಇದ್ಯಾರು?"

"ಅತ್ತಿಗೆ..."

"ಯಾರು ಅಂತ ಕೇಳ್ದೆ. ಮೂಗು ಅವರದ್ದೇ, ಹುಬ್ಬೂ ಅವರದ್ದೇ. ಮನುಷ್ಯ ಮಾತ್ರ ಅವರಲ್ಲ." ಅತ್ತಿಗೆ ಹತ್ತಿರ ಸರಿದರು. "ಮಚ್ಚೆ ಎಡಗೆನ್ನೇಲಿ ಅಲ್ವೇನೇ ಇದ್ದದ್ದು? ಬಲಗೆನ್ನೆಗೆ ಯಾವಾಗ ಬಂತು? ಬೈತಲೆ ಯಾಕೆ ಆ ಕಡೆ? ಗುಂಡಿ ನೋಡು, ಗುಂಡಿ! ಮೂವತ್ತೊಂಬತ್ತು ವರ್ಷ ಆ ಮನುಷ್ಯನ ಅಂಗಿಗೆ ಗುಂಡಿ ಹೊಲಿದಿದ್ದೀನಿ. ನನಗೆ ಗೊತ್ತಾಗಲ್ವಾ?"

ನೆರಳಕ್ಕ ಬಗ್ಗಿ ಚಿತ್ರದ ಗುಂಡಿಪಟ್ಟಿ ನೋಡಿದರು.

"ಎರಡು ಸಾವಿರ ಮನೆಯೋರನ್ನ ಸರಿಯಾಗಿ ಬರ್ದೆ. ನನ್ನವರನ್ನ ಮಾತ್ರ ಬೇರೆ ಯಾರನ್ನೋ ಮಾಡಿಟ್ಟೆಯಲ್ಲೇ." ಅತ್ತಿಗೆ ಗೋಡೆ ಹಿಡಿದುಕೊಂಡು ಇಳಿದುಹೋದರು.

ಗುಂಡಿ ತಿರುಗಿತ್ತು, ಮಚ್ಚೆ ತಿರುಗಿತ್ತು, ಬೈತಲೆ ತಿರುಗಿತ್ತು. ಫೋಟೋ ಇಲ್ಲದ ಚಿತ್ರದಲ್ಲಿ ಇದು ಹೇಗಾಯಿತು? ನೆರಳಕ್ಕ ಚಿತ್ರಕ್ಕೆ ಬೆನ್ನಾಗಿ ತಮ್ಮ ಸ್ಟೂಲಿನ ಮೇಲೆ ಕೂತರು. ಕೂತವರು ತಲೆ ಎತ್ತಿದರು. ಎದುರಿನ ಗೋಡೆಯ ಕನ್ನಡಿಯಲ್ಲಿ, ಅವರ ಭುಜದ ಮೇಲಿಂದ, ಅಣ್ಣ ನೋಡುತ್ತಿದ್ದ. ಮಚ್ಚೆ ಎಲ್ಲಿರಬೇಕೋ ಅಲ್ಲೇ, ಎಡಗೆನ್ನೆಯಲ್ಲೇ ಇತ್ತು.

ಆ ಕನ್ನಡಿ ಪಶ್ಚಿಮದ ಗೋಡೆಯಲ್ಲಿ ಇರುವುದಕ್ಕೆ ಕಾರಣವಿದೆ. ಚಿತ್ರ ಬರೆಯುವವರು ತಮ್ಮ ಚಿತ್ರವನ್ನು ಆಗಾಗ ಕನ್ನಡಿಯಲ್ಲಿ ನೋಡುತ್ತಾರೆ. ನೇರ ನೋಡಿದಾಗ ಕಣ್ಣಿಗೆ ಒಗ್ಗಿಹೋದ ತಪ್ಪು ತಿರುಗಿಸಿ ನೋಡಿದಾಗ ಎದ್ದು ಕಾಣುತ್ತದೆ. ಅಣ್ಣನೂ ಗಂಟೆಗೆ ನಾಲ್ಕು ಸಲ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ಕನ್ನಡಿಯತ್ತ ನೋಡುತ್ತಿದ್ದ. ಕನ್ನಡಿಗೆ ಮುಖ ಮಾಡಿ ಕೂತ ತಂಗಿ ತಲೆ ಎತ್ತುತ್ತಿದ್ದರು. ಆಗ ಇಬ್ಬರ ಕಣ್ಣು ಕೂಡುತ್ತಿದ್ದವು. "ಮೂಗು ದಪ್ಪ ಆಯ್ತೇನೇ?" "ಇಲ್ಲ ಅಣ್ಣ, ನೆರಳು ಸ್ವಲ್ಪ ಜಾಸ್ತಿ ಆಯ್ತು." ಮಾತು, ನಗು, ಬೈಗುಳ, ಎಲ್ಲ ಆ ಕನ್ನಡಿಯಲ್ಲೇ. ಮನೆಯಲ್ಲಿ ಊಟಕ್ಕೆ ಅಕ್ಕಪಕ್ಕ ಕೂರುತ್ತಿದ್ದರು. ದಾರಿಯಲ್ಲಿ ಅವನು ಮುಂದೆ, ಇವರು ಹಿಂದೆ. "ನೋಡೋದು ಬೇರೆ, ಕಣ್ಣಿಟ್ಟು ನೋಡೋದು ಬೇರೆ" ಎನ್ನುತ್ತಾರೆ ನೆರಳಕ್ಕ. "ನಾನು ಅವನನ್ನ ಕಣ್ಣಿಟ್ಟು ನೋಡಿದ್ದೆಲ್ಲಾ ಕನ್ನಡೀಲಿ. ಅವನ ನಿಜವಾದ ಮುಖ ನನಗೆ ಗೊತ್ತೇ ಇರ್ಲಿಲ್ಲ ಅಂತ ಅವತ್ತು ತಿಳೀತು. ಅವನು ಹೋದ ದಿನ ಅಳು ಬರ್ಲಿಲ್ಲ. ಆ ದಿನ ಬಂತು."

ಮರುದಿನ ಬೆಳಗ್ಗೆ ನೆರಳಕ್ಕ ಅತ್ತಿಗೆಯ ಚಪ್ಪಲಿಗಳನ್ನು ಬಾಗಿಲಲ್ಲಿ ಜೋಡಿಸಿಟ್ಟು, "ಒಂದ್ಸಲ ಬನ್ನಿ ಅತ್ತಿಗೆ" ಎಂದರು. "ಮತ್ತೆ ಆ ಮೆಟ್ಟಿಲಾ? ನಿಮ್ಮಣ್ಣ ಊರೋರಿಗೆಲ್ಲಾ ಮುಖ ಬರ್ದು, ಮನೆಗೆ ಬೆನ್ನು ತೋರಿಸಿದ್ದೇ ಆ ಮೆಟ್ಟಿಲಿಂದ" ಎಂದು ಗೊಣಗುತ್ತಲೇ ಅತ್ತಿಗೆ ಬಂದರು. ನಾದಿನಿ ಅವರನ್ನು ತನ್ನ ಸ್ಟೂಲಿನ ಮೇಲೆ, ಚಿತ್ರಕ್ಕೆ ಬೆನ್ನಾಗಿ ಕೂರಿಸಿ, ತಲೆ ಎತ್ತಿ ಕನ್ನಡಿ ನೋಡಲು ಹೇಳಿದರು.

ಅತ್ತಿಗೆ ನೋಡಿದರು. ಸೆರಗು ಬಾಯಿಗೆ ಹೋಯಿತು.

"ಇಷ್ಟು ವರ್ಷ ನೀನು ಅವರನ್ನ ಈ ಕನ್ನಡೀಲೇ ನೋಡಿದ್ದಾ?"

"ಇದ್ರಲ್ಲೇ ಅತ್ತಿಗೆ."

ಅತ್ತಿಗೆ ಕಣ್ಣೊರೆಸಿಕೊಂಡು ಬೆನ್ನ ಹಿಂದಿನ ಚಿತ್ರದತ್ತ ತಿರುಗಿದರು. "ಇವನು ನಿನ್ನ ಅಣ್ಣ ಕಣೇ. ಇವನನ್ನ ನೀನೇ ಇಟ್ಕೋ. ನನ್ನ ಗಂಡನನ್ನ ನನಗೆ ಬರ್ದುಕೊಡು."

ಆಗ ನೆರಳಕ್ಕ ಒಂದು ಲೋಟ ನೀರು ತಂದುಕೊಟ್ಟು, ಎದುರಿಗೆ ನೆಲದ ಮೇಲೆ ಕೂತು, ಎರಡು ಸಾವಿರ ಮನೆಯವರನ್ನು ಕೇಳಿದ ಪ್ರಶ್ನೆಯನ್ನು ತಮ್ಮ ಮನೆಯವರನ್ನೇ ಕೇಳಿದರು. "ಅತ್ತಿಗೆ, ಕಿಟಕಿ ಯಾವ ಕಡೆ ಇತ್ತು?"

ಅದೇ ಮನೆಯಲ್ಲಿ ಇಷ್ಟು ವರ್ಷ ಇದ್ದವರಿಗೂ ಅದು ತಿಳಿಯದ ಸಂಗತಿ. ಅಣ್ಣ ಅತ್ತಿಗೆ ಮಲಗುವ ಕೋಣೆಯಲ್ಲಿ ಬೆಳಗು ಹೇಗಿರುತ್ತದೆಂದು ನಾದಿನಿಗೆ ಹೇಗೆ ಗೊತ್ತಾಗಬೇಕು?

"ಎಡಗಡೆ" ಎಂದರು ಅತ್ತಿಗೆ. "ಏಳೋ ಹೊತ್ತಿಗೆ ಬಿಸಿಲು ಸರಿಯಾಗಿ ಮಚ್ಚೆ ಮೇಲೆ ಬೀಳ್ತಿತ್ತು. ನಿದ್ದೇಲೇ ನೊಣ ಓಡಿಸೋ ಹಾಗೆ ಕೈಯಾಡಿಸೋರು. ನಾನು ನಗ್ತಿದ್ದೆ." ಲೋಟ ಕೆಳಗಿಟ್ಟು, "ಅವತ್ತು ಕೈಯಾಡಿಸ್ಲಿಲ್ಲ" ಎಂದರು.

ಹೊಸ ಕ್ಯಾನ್ವಾಸ್ ಏರಿತು. ಈ ಸಲ ಗುರುತಿನ ಚೀಟಿಯೂ ಪಕ್ಕದಲ್ಲಿತ್ತು, ಅತ್ತಿಗೆಯೂ ಪಕ್ಕದಲ್ಲಿದ್ದರು. ನೆರಳು ಮುಗಿದ ದಿನ ನೆರಳಕ್ಕ ಬ್ರಷ್ ಒರೆಸಿ ಕೈ ಕಟ್ಟಿ ಕೂತರು. ಅತ್ತಿಗೆ ಕಾರಣ ಕೇಳಿದರು, ಕೇಳಿ ಎದ್ದರು, ಖಾನೆ ಎಳೆದು ಬಿಳಿಯ ಟ್ಯೂಬ್ ತೆಗೆದರು. ಅದರ ಹೊಟ್ಟೆಯ ಮೇಲೆ ಅಣ್ಣನ ಹೆಬ್ಬೆರಳು ಒತ್ತಿದ ತಗ್ಗು ಹಾಗೇ ಇತ್ತು.

"ನಾನು ಅದನ್ನ ಮುಟ್ಟೋಲ್ಲ ಅತ್ತಿಗೆ. ಅಣ್ಣ ಬೇಡ ಅಂದಿದ್ದ."

"ಏನಂದಿದ್ರು? ಬೆಳಕು ಒಂದೇ ಕೈಯಲ್ಲಿರ್ಬೇಕು ಅಂತ ತಾನೇ? ಈಗ ಉಳಿದಿರೋದು ಒಂದೇ ಕೈ. ಹಿಡಿ."

ಮುಚ್ಚಳ ಕಚ್ಚಿಕೊಂಡಿತ್ತು. ಬಿಸಿನೀರಿನ ಬಟ್ಟೆ ಸುತ್ತಿ ತೆಗೆದರು. ಹೆಬ್ಬೆರಳಿನ ತಗ್ಗು ಕೆಡದಂತೆ ನೆರಳಕ್ಕ ಟ್ಯೂಬನ್ನು ತೀರ ಬುಡದಿಂದ ಒತ್ತಿದರು. ಅದು ಬುಧವಾರ.

ಈಗ ಶನಿವಾರದ ಬೆಳಗು. ಕಂದು ಕಾಗದದ ಮೇಲಿನ ಗಾಜಿನಿಂದ ಬೆಳಕು ಇಳಿಯುತ್ತಿದೆ. ಹನ್ನೊಂದೂವರೆಗೆ ಎದುರು ಕಟ್ಟಡದ ಗೋಡೆಗೆ ಬಿಸಿಲು ತಾಗಿ ಕೋಣೆಯೆಲ್ಲ ಹಳದಿಯಾಗುತ್ತದೆ. ಅಷ್ಟರೊಳಗೆ ಚಿತ್ರದ ಕಣ್ಣು ಮುಗಿಯಬೇಕು. ನೆರಳಕ್ಕ ಅಣ್ಣನ ಕುರ್ಚಿಯಲ್ಲಿ ಕೂತಿಲ್ಲ, ಅದರ ಪಕ್ಕದಲ್ಲಿ ನಿಂತಿದ್ದಾರೆ. ಎಲ್ಲಕ್ಕಿಂತ ಸಣ್ಣ ಬ್ರಷ್ಷಿನ ತುದಿಯಲ್ಲಿ ಸಾಸಿವೆಯಷ್ಟೂ ಇಲ್ಲದ ಬಿಳಿ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ. ಕಿಟಕಿಯ ಕಡೆಗೆ, ಒಂದು ಕಣ್ಣಿಗೆ ಒಂದು ಚುಕ್ಕೆ. ಇನ್ನೊಂದು ಕಣ್ಣಿಗೆ ಇನ್ನೊಂದು. ಹಿಂದಕ್ಕೆ ಸರಿಯುತ್ತಾರೆ.

ಸ್ಟೂಲಿನ ಮೇಲೆ ಕೂತಿದ್ದ ಅತ್ತಿಗೆ ಎದ್ದು ಚಿತ್ರವನ್ನು ನೋಡುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಿ ಚಿತ್ರದೊಂದಿಗೇ ಮಾತಾಡುತ್ತಾರೆ: "ಕಾಲರ್ ಸರಿ ಮಾಡ್ಕೊಳ್ಳಿ ಅಂದ್ರೆ ಯಾವತ್ತಾದ್ರೂ ಕೇಳಿದ್ರಾ ನೀವು?"

ನೆರಳಕ್ಕ ಬೆನ್ನು ತಿರುಗಿಸಿ ಬ್ರಷ್ ತೊಳೆಯತೊಡಗುತ್ತಾರೆ. ಅವರಿಗೆ ಬೇಕಿದ್ದ ಉತ್ತರ ಸಿಕ್ಕಿತು.

ಕಟ್ಟು ಅಳೆಯಲು ಬಂದವನು ಮೂಲೆಯನ್ನು ತೋರಿಸಿ, "ಇಲ್ಲಿ ಹೆಸರು ಹಾಕ್ಲೇ ಇಲ್ಲವಲ್ಲ ಅಕ್ಕ? ಈ ಸಲ ನಿಮ್ಮದೇ ಹಾಕಿ" ಎನ್ನುತ್ತಾನೆ.

"ನೆರಳಿಗೆ ಯಾರಾದ್ರೂ ಸಹಿ ಹಾಕ್ತಾರೇನೋ? ಹೋಗು, ಬಣ್ಣ ಹಸಿ ಇದೆ, ಬೆರಳು ತಾಗಿಸ್ಬೇಡ."

ಶಾಲಾ ಮಾಸ್ತರರ ಚಿತ್ರ ಇನ್ನೂ ಮೂಲೆಯಲ್ಲಿ ಕಾಯುತ್ತಿದೆ. ನೆರಳು ಇದೆ, ಬೆಳಕು ಬಂದಿಲ್ಲ. ಸೋಮವಾರ ಅದನ್ನು ಎತ್ತಿಕೊಳ್ಳುತ್ತಾರೆ. ಕನ್ನಡಿಯ ಎದುರು, ಕೈಕುರ್ಚಿಯ ಆಚೆ, ಮೊದಲು ಬರೆದ ಅಣ್ಣ ಹಾಗೇ ನಿಂತಿದ್ದಾನೆ. ಸ್ಟೂಲಿನಲ್ಲಿ ಕೂತು ತಲೆ ಎತ್ತಿದಾಗಲೆಲ್ಲ ಕಾಣುತ್ತಾನೆ. ಅವನ ಮುಖದ ಬೆಳಕನ್ನು ಅವರು ತುಂಬಿಲ್ಲ, ಇನ್ನು ತುಂಬುವುದೂ ಇಲ್ಲ.

ನಾಳೆಯ ಪ್ರಾರ್ಥನೆಯಲ್ಲಿ ಏನು ಬೇಡಿಕೊಳ್ಳುತ್ತೀರಿ ಎಂದರೆ ನೆರಳಕ್ಕ ಮೊದಲು ಬ್ರಷ್‌ಗಳನ್ನು ಜೋಡಿಸಿಡುತ್ತಾರೆ. ಕೈಯ ಬಿಳಿಯನ್ನು ಬಟ್ಟೆಯಿಂದ ಒರೆಸುತ್ತಾರೆ. ಉಗುರಿನ ಸಂದಿಯದು ಹೋಗುವುದಿಲ್ಲ. ಆಮೇಲೆ ಕಿಟಕಿಯತ್ತ ತಿರುಗಿ, ದಿನವೂ ತುಟಿಯಲ್ಲೇ ಹೇಳಿಕೊಳ್ಳುವುದನ್ನು ಇಂದು ಕೇಳಿಸುವಂತೆ ಹೇಳುತ್ತಾರೆ:

"ದೇವರೇ, ನಮ್ಮಣ್ಣ ಬದುಕಿಡೀ ಬೆಳಕು ನೋಡಿ ನೋಡಿ ಕಣ್ಣು ದಣಿಸ್ಕೊಂಡಿದ್ದಾನೆ. ನಿನ್ನ ಹತ್ತಿರ ಬೆಳಕು ಬಹಳ ಅಂತಾರೆ. ಅವನು ಮಲಗೋ ಕಡೆ ಒಂದಿಷ್ಟು ನೆರಳೂ ಕೊಡು. ಕೆನ್ನೆ ಮೇಲೆ ಕೈಯಾಡಿಸೋ ಹಾಗಾಗದೆ, ನೆಮ್ಮದಿಯಾಗಿ ಮಲಗ್ಲಿ."